ಮಕ್ಕಳ ಫೋಟೋ ಯಾರ ಕೈಯಲ್ಲಿದೆ?

ಪರದೇಶದಲ್ಲಿ ದುಡಿಯುವ ಒಬ್ಬ ತಂದೆಗೆ ಮಕ್ಕಳ ಬಾಲ್ಯದಲ್ಲಿ ಸಿಗುವ ಪಾಲು ಎಷ್ಟು? ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ ಎಂದು ಲೆಕ್ಕ ಹಿಡಿಯಿರಿ. ಮಗುವಿಗೆ ಹತ್ತು ತುಂಬುವಾಗ ತಂದೆ ಅದರ ಜೊತೆ ಕಳೆದದ್ದು ಹತ್ತು ತಿಂಗಳು. ಉಳಿದ ಒಂಬತ್ತು ವರ್ಷ ಎರಡು ತಿಂಗಳು ಅವನ ಪಾಲಿಗೆ ಬಂದದ್ದು ಫೋನಿನಲ್ಲಿ. ಮೊದಲ ಹೆಜ್ಜೆ ಇಟ್ಟದ್ದು, ಹೊಸ ಬಟ್ಟೆ ಹಾಕಿ ಮದ್ರಸಕ್ಕೆ ಹೊರಟದ್ದು, ಹಲ್ಲು ಬಿದ್ದ ಬಾಯಿ ತೆರೆದು ನಕ್ಕದ್ದು, ಉಮ್ಮ ತೀರಿಹೋಗುವ ಮೊದಲಿನ ಪೆರ್ನಾಲಿಗೆ ಮನೆಯವರೆಲ್ಲ ಒಟ್ಟಿಗೆ ಕೂತದ್ದು, ಎಲ್ಲವೂ ಫೋಟೋ, ಎಲ್ಲವೂ ವೀಡಿಯೊ.

ಜಾಗದ ಆರ್‌ಟಿಸಿ ಎಲ್ಲಿದೆ, ಪಾಸ್‌ಪೋರ್ಟಿನ ಕಾಪಿ ಎಲ್ಲಿದೆ, ಚಿನ್ನ ಯಾವ ಬ್ಯಾಂಕಿನ ಲಾಕರಿನಲ್ಲಿದೆ ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ನಾವು ಹೇಳುತ್ತೇವೆ. ಮಕ್ಕಳ ಫೋಟೋ ಎಲ್ಲಿದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರ ಉತ್ತರ, “ಮೊಬೈಲಲ್ಲಿ ಉಂಟಲ್ಲ ಮಾರಾಯ್ರೆ.” ಮೊಬೈಲಿನಲ್ಲಿ ಎಲ್ಲಿ ಎಂದು ಮತ್ತೆ ಕೇಳಿದರೆ, “ವಾಟ್ಸ್‌ಆ್ಯಪಲ್ಲಿ.”

ಈ ಉತ್ತರ ಸಾಲದು ಎಂದು ನಾವು ಹೇಳುತ್ತಿದ್ದೇವೆ. ಫೋಟೋದ ಅಸಲಿ ಪ್ರತಿ ಒಂದಾದರೂ ನಮ್ಮ ಸ್ವಂತ ಕೈಯಲ್ಲಿ, ನಮ್ಮ ಸ್ವಂತ ಕಪಾಟಿನಲ್ಲಿ ಇರಬೇಕು. ಕಂಪೆನಿಗಳ ಜಾಗವನ್ನು ಬೇಕಾದರೆ ಬಳಸೋಣ, ಅದಕ್ಕೆ ಹಣವನ್ನೂ ಕೊಡೋಣ. ಆದರೆ ಅದು ಬಾಡಿಗೆ ಮನೆ ಎಂಬುದು ತಿಳಿದಿರಲಿ.

ನಮ್ಮ ಈ ಫೋಟೋಗಳ ಮೇಲಿನ ತೀರ್ಮಾನಗಳೆಲ್ಲ ಆಗುವುದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಬೇ ಏರಿಯಾದ ಒಂದು ಸಣ್ಣ ಪಟ್ಟಿಯಲ್ಲಿ. ಆ್ಯಪಲ್ ಇರುವುದು ಕ್ಯುಪರ್ಟಿನೊದಲ್ಲಿ, ಗೂಗಲ್ ಮೌಂಟನ್ ವ್ಯೂನಲ್ಲಿ, ವಾಟ್ಸ್‌ಆ್ಯಪಿನ ಒಡೆಯ ಮೆಟಾ ಮೆನ್ಲೋ ಪಾರ್ಕಿನಲ್ಲಿ. ಈ ಮೂರು ಊರನ್ನು ದಾಟಲು ಮಂಗಳೂರಿನಿಂದ ಬಿ.ಸಿ.ರೋಡಿಗೆ ಹೋದಷ್ಟು, ಹೆಚ್ಚೆಂದರೆ ಇನ್ನೊಂದಿಷ್ಟು ದೂರ ಹೋದರೆ ಸಾಕು. ಫೋಟೋ ತುಂಬಿದ ಯಂತ್ರಗಳು ಬೇರೆಬೇರೆ ದೇಶಗಳಲ್ಲಿ ಇರಬಹುದು. ಆದರೆ ಎಷ್ಟು ಜಾಗ ಪುಕ್ಕಟೆ, ಎಷ್ಟಕ್ಕೆ ದುಡ್ಡು, ಯಾವ ಫೋಟೋವನ್ನು ಎಷ್ಟು ಕುಗ್ಗಿಸಬೇಕು, ಯಾರ ಖಾತೆಯನ್ನು ಮುಚ್ಚಬೇಕು ಎಂಬ ಮಾತು ಹೊರಡುವುದು ಅಲ್ಲಿಂದಲೇ. ಜುಬೈಲಿನ ಕ್ಯಾಂಪಿನಲ್ಲಿ ಕೂತವನನ್ನು ಕೇಳಿ ಯಾರೂ ತೀರ್ಮಾನ ಮಾಡುವುದಿಲ್ಲ.

ಫೋನಿನಿಂದ ಫೋಟೋ ಕಳಿಸುವ ಈ ಪದ್ಧತಿ ಹುಟ್ಟಿದ್ದೂ ಅದೇ ಸೀಮೆಯ ಪಕ್ಕದಲ್ಲಿ, ಒಂದು ಹೆರಿಗೆ ಆಸ್ಪತ್ರೆಯಲ್ಲಿ. 1997ರ ಜೂನ್ 11ರಂದು ಸಾಂತಾ ಕ್ರೂಸ್ ಎಂಬ ಊರಿನಲ್ಲಿ ಫಿಲಿಪ್ ಕಾನ್ ಎಂಬವರು ಆಗಷ್ಟೇ ಹುಟ್ಟಿದ ಮಗಳ ಫೋಟೋ ತೆಗೆದು, ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ವಯರಿನಲ್ಲಿ ಕಟ್ಟಿ, ಎರಡು ಸಾವಿರದಷ್ಟು ಜನರಿಗೆ ಕಳಿಸಿದರು. ಆತನೂ ಫ್ರಾನ್ಸಿನಿಂದ ಹೋದ ವಲಸಿಗ. ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಯಾನ್ ಕೂಮ್ ಕೂಡ ವಲಸಿಗರ ಮಗ. 1992ರಲ್ಲಿ ಯುಕ್ರೇನಿನಿಂದ ತಾಯಿಯ ಜೊತೆ ಮೌಂಟನ್ ವ್ಯೂಗೆ ಬಂದಾಗ ಅವರಿಗೆ 16 ವರ್ಷ. ತಂದೆ ಊರಿನಲ್ಲೇ ಉಳಿದರು, ಮನೆಯವರು ಸರಕಾರಿ ಆಹಾರ ಚೀಟಿಗೆ ಸಾಲು ನಿಂತರು. ದೂರದಲ್ಲಿರುವ ತಂದೆಯ ಸಂಕಟ ಏನೆಂದು ಗೊತ್ತಿದ್ದವರೇ ಇದನ್ನು ಕಟ್ಟಿದ್ದು ಎಂದು ಹೇಳಬಹುದು. ಅದಕ್ಕಾಗಿಯೇ ನಾವು ವಾಟ್ಸ್‌ಆ್ಯಪನ್ನು ಬೈಯಲು ಹೊರಟಿಲ್ಲ. ಸುದ್ದಿ ಮುಟ್ಟಿಸುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಫೋಟೋ ಕಾಪಾಡುವ ಕೆಲಸ ಅದರದ್ದಲ್ಲ, ಅಷ್ಟೆ.

ಹೇಗೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆಯುವ ಫೋಟೋದಲ್ಲಿ ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆಗಳು. ಒಟ್ಟು 1 ಕೋಟಿ 20 ಲಕ್ಷ. ಅದನ್ನು ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದ 1600ರ ಆಸುಪಾಸಿಗೆ ಇಳಿಯುತ್ತದೆ. ಆಗ ಉಳಿಯುವುದು 19 ಲಕ್ಷ ಚಿಲ್ಲರೆ ಚುಕ್ಕೆ, ಅಂದರೆ ಆರರಲ್ಲಿ ಒಂದು ಪಾಲು. ಇದಲ್ಲದೆ ಉಳಿದದ್ದನ್ನೂ ಒತ್ತಿ ಸಣ್ಣದು ಮಾಡಿರುತ್ತದೆ. ಫೋನಿನ ಪರದೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಚಂದವೇ ಕಾಣುತ್ತದೆ. ಗೊತ್ತಾಗುವುದು ಪ್ರಿಂಟ್ ಹಾಕಿಸುವಾಗ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಬೇಕು. 4000 ಚುಕ್ಕೆ ಇದ್ದರೆ 13 ಇಂಚು ಉದ್ದದವರೆಗೆ ಧೈರ್ಯವಾಗಿ ಹಾಕಿಸಬಹುದು. 1600 ಆದರೆ ಐದು ಇಂಚು ದಾಟುವಾಗಲೇ ಮೆಲ್ಲಮೆಲ್ಲ ಮಂಜಾಗಲು ಶುರು. ಮಗಳ ನಿಕಾಹ್ ಹೊತ್ತಿಗೆ ಅವಳ ಚಿಕ್ಕಂದಿನ ಒಂದು ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಅಂತ ಸ್ಟುಡಿಯೋಗೆ ಹೋದರೆ ಅಲ್ಲಿಯವರು “ಇದು ಒಡೀತದೆ, ಅಸಲಿ ಉಂಟಾ?” ಎಂದು ಕೇಳುವುದು ಇದಕ್ಕೇ.

ಅಸಲಿ ಎಲ್ಲಿದ್ದಿತ್ತು? ಊರಿನಲ್ಲಿ ಹೆಂಡತಿಯ ಫೋನಿನಲ್ಲಿ. ಆ ಫೋನು ಬಾವಿಕಟ್ಟೆಯಿಂದ ಬಿತ್ತು, ಇಲ್ಲವೇ ಎಕ್ಸ್‌ಚೇಂಜ್ ಆಫರಿನಲ್ಲಿ ಅಂಗಡಿಗೆ ಹೋಯಿತು. ಉಳಿದದ್ದು ನಮಗೆ ಬಂದ ಕುಗ್ಗಿದ ಪ್ರತಿ.

ಸ್ಟುಡಿಯೋ ಕಾಲದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಗ ನೆಗೆಟಿವ್ ಅಂತ ಒಂದು ಇತ್ತು. ಗಲ್ಫಿಗೆ ಕಾಗದದ ಒಳಗಿಟ್ಟು ಕಳಿಸುತ್ತಿದ್ದದ್ದು ಪ್ರಿಂಟನ್ನು, ನೆಗೆಟಿವನ್ನಲ್ಲ. ಪ್ರಿಂಟ್ ಹಾಳಾದರೆ ನೆಗೆಟಿವಿನಿಂದ ಇನ್ನೊಂದು ತೆಗೆಸಬಹುದಿತ್ತು. ಈಗ ನಾವು ಪ್ರಿಂಟನ್ನೇ ಜೋಪಾನ ಮಾಡಿ ನೆಗೆಟಿವನ್ನು ಗುಜರಿಗೆ ಹಾಕುತ್ತಿದ್ದೇವೆ. ಆಂಡ್ರಾಯ್ಡ್ ಫೋನಿನ ಗ್ಯಾಲರಿಯಲ್ಲಿ ಫೋಟೋದ ಹೆಸರಿನ ನಡುವೆ ‘ಡಬ್ಲ್ಯೂಎ’ ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಅದು ವಾಟ್ಸ್‌ಆ್ಯಪಿನ ಪ್ರತಿ ಎಂದು ತಿಳಿಯಿರಿ. ಇನ್ನೊಂದು ನಷ್ಟವೂ ಉಂಟು. ಫೋಟೋ ತೆಗೆದ ದಿನ, ಗಂಟೆ, ಜಾಗ ಇವೆಲ್ಲ ಅಸಲಿಯ ಒಳಗೆ ಬರೆದಿರುತ್ತವೆ. ವಾಟ್ಸ್‌ಆ್ಯಪ್ ಅದನ್ನು ಉಜ್ಜಿ ತೆಗೆಯುತ್ತದೆ. ಹತ್ತು ವರ್ಷ ಕಳೆದ ಮೇಲೆ ಇದು ಯಾವ ಪೆರ್ನಾಲಿನದ್ದು ಎಂದು ಮನೆಯವರೊಳಗೆ ಚರ್ಚೆಯಾಗುವಾಗ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

2023ರಲ್ಲಿ ವಾಟ್ಸ್‌ಆ್ಯಪ್ ಎಚ್‌ಡಿ ಎಂಬ ಆಯ್ಕೆ ಕೊಟ್ಟಿತು. ಮೊದಲಿಗಿಂತ ಒಳ್ಳೆಯದೇ, ಆದರೆ ಅದೂ ಅಸಲಿಯಲ್ಲ. ಅಸಲಿಯೇ ಬೇಕಾದರೆ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ಆಗ ಒಂದು ಚುಕ್ಕೆಯೂ ಕಡಿಮೆಯಾಗುವುದಿಲ್ಲ, ತಾರೀಕೂ ಉಳಿಯುತ್ತದೆ. ಊರಿನಲ್ಲಿರುವ ಹೆಂಡತಿಗೆ, ತಂಗಿಗೆ, ದೊಡ್ಡ ಮಗನಿಗೆ ಇದೊಂದನ್ನು ಇವತ್ತೇ ಫೋನಿನಲ್ಲಿ ಹೇಳಿಕೊಡಿ.

ಇನ್ನು ಪುಕ್ಕಟೆ ಜಾಗದ ಕತೆ. ನಮ್ಮಲ್ಲಿ ನಲವತ್ತು ದಾಟಿದವರಿಗೆ ಆರ್ಕುಟ್ ನೆನಪಿರಬಹುದು. ಊರಿನ ಗೆಳೆಯರು, ಗಲ್ಫಿನ ಗೆಳೆಯರು ಮೊದಲು ಒಟ್ಟಾದದ್ದು ಅಲ್ಲಿ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದರ ಬಾಗಿಲು ಹಾಕಿತು. ಫೋಟೋ ಇಳಿಸಿಕೊಳ್ಳಲು ಎರಡು ವರ್ಷ ಸಮಯ ಕೊಟ್ಟಿತ್ತು ನಿಜ, ಆದರೆ ಕಟ್ಟಡದ ಕೆಲಸದಲ್ಲಿರುವವನಿಗೆ ಆ ನೋಟಿಸು ಮುಟ್ಟಬೇಕಲ್ಲ! ಫ್ಲಿಕರ್ ಎಂಬ ಫೋಟೋ ತಾಣ 2013ರಲ್ಲಿ, ಯಾಹೂ ಕೈಯಲ್ಲಿದ್ದಾಗ, ಎಲ್ಲರಿಗೂ ಒಂದು ಟಿಬಿ ಪುಕ್ಕಟೆ ಎಂದಿತು. 2018ರಲ್ಲಿ ಸ್ಮಗ್‌ಮಗ್ ಎಂಬ ಕಂಪೆನಿ ಅದನ್ನು ಕೊಂಡುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಪುಕ್ಕಟೆಯವರಿಗೆ ಇನ್ನು 1000 ಫೋಟೋ ಮಾತ್ರ, ಮೇಲಿನದ್ದನ್ನು ಅಳಿಸುತ್ತೇವೆ ಎಂಬ ಪ್ರಕಟಣೆ ಬಂತು. 2019ರಲ್ಲಿ ಅಳಿಸಲೂ ಆರಂಭಿಸಿತು.

ಗೂಗಲ್ ಫೋಟೋಸ್ ಬಂದದ್ದು 2015ರ ಮೇ ತಿಂಗಳಲ್ಲಿ. ‘ಹೈ ಕ್ವಾಲಿಟಿ’ ಫೋಟೋ ಎಷ್ಟು ಬೇಕಾದರೂ ಇಡಿ, ದುಡ್ಡು ಬೇಡ ಎಂದಿತು. ಲೋಕವೇ ನಂಬಿತು, ನಾವೂ ನಂಬಿದೆವು. 2021ರ ಜೂನ್ 1ರಿಂದ ಆ ಮಾತು ನಿಂತಿತು. ಅಲ್ಲಿಂದ ಮುಂದೆ ಹಾಕಿದ ಪ್ರತಿ ಫೋಟೋವೂ 15 ಜಿಬಿಯ ಲೆಕ್ಕಕ್ಕೆ. ಆ 15 ಜಿಬಿ ಫೋಟೋಗೆ ಮಾತ್ರವೂ ಅಲ್ಲ, ಜಿಮೇಲ್, ಡ್ರೈವ್ ಎಲ್ಲ ಸೇರಿ. ಆಂಡ್ರಾಯ್ಡ್‌ನವರಿಗೆ 2024ರಿಂದ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಅದರಲ್ಲೇ ಎಂದಾಯಿತು. ಒಂದು ಫೋಟೋಗೆ 4 ಎಂಬಿ ಎಂದು ಹಿಡಿದರೆ, ಬೇರೇನೂ ಇಲ್ಲದಿದ್ದರೂ ಮೂರೂವರೆ ಸಾವಿರ ಚಿಲ್ಲರೆ ಫೋಟೋಗೆ ಜಾಗ ಮುಗಿಯಿತು. ವೀಡಿಯೊ ಇದ್ದರೆ ಕೇಳುವುದೇ ಬೇಡ. ಆ್ಯಪಲ್ ಅಂತೂ ಮೊದಲಿನಿಂದಲೂ ಪುಕ್ಕಟೆ ಕೊಡುವುದು 5 ಜಿಬಿ ಮಾತ್ರ.

ಇದನ್ನು ಮೋಸ ಎಂದು ನಾವು ಹೇಳುವುದಿಲ್ಲ. ಕಂಪೆನಿ ತನ್ನ ಜಾಗವನ್ನು ತನಗೆ ಬೇಕಾದ ದರಕ್ಕೆ ಕೊಡುತ್ತದೆ. ಪುಕ್ಕಟೆ ಕೊಟ್ಟದ್ದನ್ನು ಯಾವಾಗಲೂ ಪುಕ್ಕಟೆ ಎಂದು ನಂಬಿ, ಇದ್ದ ಒಂದೇ ಗಂಟನ್ನು ಅಲ್ಲಿ ಬಿಟ್ಟು ಬರುವುದು ನಮಗೆ ಒಗ್ಗುವ ವ್ಯವಹಾರ ಅಲ್ಲ.

ಹಣ ಕೊಟ್ಟು ಜಾಗ ಪಡೆಯುವವರಿಗೆ ಒಂದು ಸಂಶಯ ಬರುತ್ತದೆ. ಗೂಗಲ್ ಫೋಟೋಸಿನಲ್ಲಿ ‘ಒರಿಜಿನಲ್ ಕ್ವಾಲಿಟಿ’ ಬೇಕಾ, ‘ಸ್ಟೋರೇಜ್ ಸೇವರ್’ ಸಾಕಾ? ಸೇವರ್ ಎಂಬುದು ಹಳೆಯ ಹೈ ಕ್ವಾಲಿಟಿಗೆ ಇಟ್ಟ ಹೊಸ ಹೆಸರು. ಅದರಲ್ಲಿ 16 ಮೆಗಾಪಿಕ್ಸೆಲಿಗಿಂತ ದೊಡ್ಡ ಫೋಟೋವನ್ನು 16ಕ್ಕೆ ಇಳಿಸುತ್ತಾರೆ, ಸಣ್ಣದನ್ನೂ ಸ್ವಲ್ಪ ಒತ್ತುತ್ತಾರೆ. ವೀಡಿಯೊ 1080ಪಿಗೆ ಇಳಿಯುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಸಾಧಾರಣ ಫೋನಿನ ಫೋಟೋಗೆ ಸೇವರ್ ಸಾಕು. ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ, ಗೋಡೆಗೆ ಹಾಕುವ ಪ್ರಿಂಟೂ ಬರುತ್ತದೆ. ‘ಒರಿಜಿನಲ್ ಇಲ್ಲದಿದ್ದರೆ ಎಲ್ಲ ಹೋಯ್ತು’ ಎಂದು ಹೆದರಿಸುವವರ ಮಾತು ಕೇಳಿ ತಿಂಗಳ ಸಂಬಳದಿಂದ ದೊಡ್ಡ ಪ್ಲಾನ್ ಹಾಕಿಸಬೇಕಾಗಿಲ್ಲ. ಆದರೆ ಅದಕ್ಕೊಂದು ಷರತ್ತು ಉಂಟು. ಅಸಲಿ ಬೇರೆ ಎಲ್ಲಾದರೂ ನಿಮ್ಮ ಹತ್ತಿರ ಇರಬೇಕು. ಫೋನು ತುಂಬಿದಾಗ ಆ ಆ್ಯಪೇ ‘ಫ್ರೀ ಅಪ್ ಸ್ಪೇಸ್’ ಎಂದು ಒಂದು ಬಟನ್ ತೋರಿಸುತ್ತದೆ. ಸೇವರಿನಲ್ಲಿ ಇಟ್ಟವರು ಅದನ್ನು ಒತ್ತಿದ ಗಳಿಗೆಯಲ್ಲಿ ಫೋನಿನಲ್ಲಿದ್ದ ಅಸಲಿ ಹೋಗುತ್ತದೆ, ಅಲ್ಲಿ ಉಳಿಯುವುದು ಒತ್ತಿದ ಪ್ರತಿ. ಆಮೇಲೆ ಒರಿಜಿನಲ್ ಎಂದು ಸೆಟ್ಟಿಂಗ್ ಬದಲಿಸಿದರೂ ಹೋದದ್ದು ಬರುವುದಿಲ್ಲ.

ಐಫೋನಿನವರಿಗೆ ಇದರದ್ದೇ ಇನ್ನೊಂದು ರೂಪ. ಅಲ್ಲಿ ‘ಆಪ್ಟಿಮೈಸ್’ ಆನ್ ಇದ್ದರೆ ಅಸಲಿ ಐಕ್ಲೌಡಿನಲ್ಲಿ, ಫೋನಿನಲ್ಲಿ ಸಣ್ಣ ಪ್ರತಿ. ಜಾಗ ಉಳಿಸಲು ಫೋನಿನಲ್ಲಿ ಅಳಿಸಿದರೆ ಐಕ್ಲೌಡಿನಲ್ಲೂ ಅಳಿಯುತ್ತದೆ. ಇದು ಗೊತ್ತಿಲ್ಲದೆ ಅಳಿಸಿದವರು ಎಷ್ಟೋ.

ಈಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲೇ ನಡೆದ ಒಂದು ಘಟನೆ. ಇದನ್ನು 2022ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತ್ತು. 2021ರ ಫೆಬ್ರವರಿ, ಕೋವಿಡ್ ಸಮಯ. ಒಬ್ಬ ತಂದೆಯ ಪುಟ್ಟ ಮಗನಿಗೆ ಮುಚ್ಚಿಕೊಳ್ಳುವ ಜಾಗದಲ್ಲಿ ಬಾವು ಬಂದಿತ್ತು. ವೀಡಿಯೊದಲ್ಲಿ ಡಾಕ್ಟರನ್ನು ಕಾಣುವ ಮೊದಲು ಫೋಟೋ ಕಳಿಸಿ ಎಂದು ನರ್ಸ್ ಹೇಳಿದ್ದಕ್ಕೆ ಫೋಟೋ ತೆಗೆದರು. ಮಗು ಔಷಧಿಯಲ್ಲಿ ಗುಣವಾಯಿತು. ಆದರೆ ಫೋನಿನಿಂದ ಆ ಫೋಟೋ ತನ್ನಷ್ಟಕ್ಕೆ ಗೂಗಲಿಗೆ ಹೋಗಿತ್ತು. ಗೂಗಲಿನ ಯಂತ್ರ ಅದನ್ನು ಮಕ್ಕಳ ದುರ್ಬಳಕೆಯ ಚಿತ್ರ ಎಂದು ಗುರುತು ಹಾಕಿತು. ಎರಡೇ ದಿನದಲ್ಲಿ ಖಾತೆ ಬಂದ್. ಹತ್ತು ವರ್ಷಕ್ಕೂ ಹೆಚ್ಚಿನ ಇಮೇಲ್, ನಂಬರುಗಳು, ಮಗನ ಮೊದಲ ವರ್ಷಗಳ ಫೋಟೋ, ಗೂಗಲ್ ಮೂಲಕವೇ ತೆಗೆದುಕೊಂಡಿದ್ದ ಫೋನ್ ನಂಬರ್ ಎಲ್ಲವೂ ಹೋಯಿತು. ಪೊಲೀಸರು ತನಿಖೆ ಮಾಡಿ ಅಪರಾಧವೇ ನಡೆದಿಲ್ಲ ಎಂದರು. ಆದರೂ ಗೂಗಲ್ ಖಾತೆ ತೆರೆಯಲಿಲ್ಲ.

ಮಕ್ಕಳನ್ನು ಹಿಂಸಿಸುವವರನ್ನು ಹಿಡಿಯಲು ಅಂಥ ಯಂತ್ರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೂಗಲಿನ ಕಚೇರಿಗೆ ಒಂದು ಗಂಟೆಯ ದಾರಿಯಲ್ಲಿದ್ದು, ಪೊಲೀಸರ ವರದಿ ಕೈಯಲ್ಲಿದ್ದ ಮನುಷ್ಯನಿಗೇ ಮಗನ ಫೋಟೋ ವಾಪಸ್ ಸಿಗಲಿಲ್ಲ. ದಮ್ಮಾಮಿನಿಂದ ನಾವು ಯಾರ ಹತ್ತಿರ ಹೋಗಿ ಹೇಳುವುದು? ಮಗುವಿನ ಮೈಯಲ್ಲಿ ಗುಳ್ಳೆ ಬಂದರೆ ಫೋಟೋ ತೆಗೆದು ಗಂಡನಿಗೆ, ಡಾಕ್ಟರಿಗೆ ಕಳಿಸುವುದು ನಮ್ಮ ಮನೆಗಳಲ್ಲಿ ದಿನದ ಕೆಲಸ. ಅಂಥ ಫೋಟೋ ತೆಗೆಯುವ ಮೊದಲು ತಾನೇ ತಾನಾಗಿ ಮೇಲೆ ಹೋಗುವ ಬ್ಯಾಕಪ್ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಅಳಿಸಿ.

ಪರದೇಶದಲ್ಲಿರುವವರಿಗೆ ಇನ್ನೂ ಕೆಲವು ತೊಡಕು ಉಂಟು. ಗೂಗಲಿನಲ್ಲಿ ಒಬ್ಬರು ದುಡ್ಡು ಕಟ್ಟಿದ ಜಾಗವನ್ನು ಮನೆಯ ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು. ಒಳ್ಳೆಯ ಸವಲತ್ತು. ಆದರೆ ಆ ‘ಫ್ಯಾಮಿಲಿ ಗ್ರೂಪ್’ನವರು ಒಂದೇ ದೇಶದಲ್ಲಿ ಇರಬೇಕು ಎಂಬುದು ನಿಯಮ. ಗಂಡ ರಿಯಾದಿನಲ್ಲಿ, ಹೆಂಡತಿ ಮಕ್ಕಳು ಉಳ್ಳಾಲದಲ್ಲಿ, ತಮ್ಮ ದುಬೈಯಲ್ಲಿ ಇರುವುದು ಆ ನಿಯಮ ಬರೆದವರ ಲೆಕ್ಕದಲ್ಲಿ ಕುಟುಂಬ ಅಲ್ಲ ಎಂದಾಯಿತು. ವಲಸಿಗರೇ ಕಟ್ಟಿದ ಸೀಮೆಯಿಂದ ಇಂಥ ನಿಯಮ ಬಂದದ್ದು ನಮಗೆ ಆಶ್ಚರ್ಯ. ಅದರ ಬದಲು ‘ಪಾರ್ಟ್‌ನರ್ ಶೇರಿಂಗ್’ ಎಂಬ ವ್ಯವಸ್ಥೆ ನೋಡಿ. ಹೆಂಡತಿ ತೆಗೆದ ಫೋಟೋ ಅವಳ ಖಾತೆಗೆ ಹೋದ ಕೂಡಲೇ ಗಂಡನಿಗೂ ಕಾಣುತ್ತದೆ, ವಾಟ್ಸ್‌ಆ್ಯಪಿನ ಹಾಗೆ ಕುಗ್ಗಿ ಬರುವುದಿಲ್ಲ. ಅವಳ ಖಾತೆಯಲ್ಲಿ ಯಾವ ಗುಣಮಟ್ಟದಲ್ಲಿದೆಯೋ ಅದೇ.

ಸಿಮ್ಮಿನ ವಿಷಯವನ್ನು ನಾವು ಯೋಚಿಸುವುದೇ ಇಲ್ಲ. ಖಾತೆ ತೆರೆಯುವಾಗ ಇಲ್ಲಿನ ನಂಬರ್ ಕೊಟ್ಟಿರುತ್ತೇವೆ. ಫೈನಲ್ ಎಕ್ಸಿಟ್ ಆಗಿ ಊರಿಗೆ ಹೋದ ಮೇಲೆ ಆ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ. ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೊರಟರೆ ಒಟಿಪಿ ಹೋಗುವುದು ಆ ನಂಬರಿಗೆ. ಪಾಸ್‌ವರ್ಡ್ ಮರೆತಿದ್ದರೆ ಕತೆ ಮುಗಿಯಿತು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು 2023ರ ಡಿಸೆಂಬರಿನಿಂದ ಗೂಗಲ್ ಅಳಿಸಬಹುದು ಎಂದೂ ಆಗಿದೆ. ಎಕ್ಸಿಟ್ ಹೊಡೆಸುವ ಮೊದಲು ಊರಿನ ನಂಬರನ್ನು ಖಾತೆಗೆ ಸೇರಿಸಿ. ಟಿಕೆಟ್ ಮಾಡುವಷ್ಟೇ ಮುಖ್ಯ ಇದು.

ಹೇಳಲು ಕಷ್ಟವಾಗುವ ಮಾತು ಒಂದಿದೆ. ಇಲ್ಲಿ ತೀರಿಹೋದವರ ಸಾಮಾನು ಊರಿಗೆ ಕಳಿಸುವಾಗ ಪೆಟ್ಟಿಗೆಯಲ್ಲಿ ಒಂದು ಫೋನೂ ಇರುತ್ತದೆ. ಅದಕ್ಕೆ ಲಾಕ್ ಇರುತ್ತದೆ. ಅವರ ಕೊನೆಯ ವರ್ಷಗಳ ಫೋಟೋ, ರೂಮಿನ ಗೆಳೆಯರ ಜೊತೆ ನಕ್ಕದ್ದು, ಮಕ್ಕಳಿಗೆಂದು ಮಾಡಿದ ವೀಡಿಯೊ ಎಲ್ಲ ಅದರ ಒಳಗೆ. ಹೆಂಡತಿಗೆ ಆ ನಾಲ್ಕು ಅಂಕೆ ಗೊತ್ತಿಲ್ಲ. ಇದಕ್ಕೂ ದಾರಿ ಮಾಡಿದ್ದಾರೆ. ಗೂಗಲಿನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದರಲ್ಲಿ, ಇಷ್ಟು ತಿಂಗಳು ನಾನು ಖಾತೆ ತೆರೆಯದಿದ್ದರೆ ಇವರಿಗೆ ಕೊಡಿ ಎಂದು ಹೆಸರು ಬರೆದಿಡಬಹುದು. ಐಫೋನಿನಲ್ಲಿ 2021ರ ಕೊನೆಯಿಂದ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ಹತ್ತು ನಿಮಿಷದ ಕೆಲಸ. ವಸಿಯ್ಯತ್ ಬರೆದಿಡುವ ನಮಗೆ ಇದು ಹೊಸ ವಿಚಾರವೂ ಅಲ್ಲ.

ಕಡೆಯದಾಗಿ ನಮ್ಮ ಸ್ವಂತ ಕಪಾಟಿನ ಮಾತು. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಎಂಬ ಲೆಕ್ಕ ಫೋಟೋಗ್ರಾಫರುಗಳಲ್ಲಿ ಚಾಲ್ತಿಯಲ್ಲಿದೆ. ಆ ‘ಬೇರೆ ಊರು’ ಎಲ್ಲಿ ಹುಡುಕುವುದು ಎಂಬುದೇ ಬೇರೆಯವರಿಗೆ ತಲೆಬಿಸಿ. ನಮಗೆ ಆ ಕಷ್ಟ ಇಲ್ಲ. ನಮ್ಮ ಬದುಕೇ ಎರಡು ಕಡೆ ಹರಿದು ಹಂಚಿಹೋಗಿದೆ. ರಜೆಗೆ ಹೋಗುವಾಗ ಸೆಂಟು, ಚಾಕಲೇಟಿನ ಜೊತೆ ಒಂದು ಟಿಬಿಯ ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಊರಿನ ಫೋನುಗಳಲ್ಲಿರುವ ಅಸಲಿ ಫೋಟೋಗಳನ್ನು ಎರಡಕ್ಕೂ ಹಾಕಿ, ಒಂದನ್ನು ಮನೆಯಲ್ಲಿ ಬಿಟ್ಟು ಇನ್ನೊಂದನ್ನು ವಾಪಸ್ ತನ್ನಿ. ಮುಂದಿನ ರಜೆಗೆ ಹೊಸತು ಸೇರಿಸಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಬೇಡ, ಅವು ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಇಡಲು ಅಲ್ಲ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೇ ಬೂಸು ಹಿಡಿಯುತ್ತದೆ. ಡಿಸ್ಕನ್ನು ಗಾಳಿ ಹೋಗದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣದ ಜೊತೆ ಇಡಿ. ಆರು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಹಾಕಿ ತೆರೆಯುತ್ತದಾ ನೋಡಿ.

ಕಂಪ್ಯೂಟರ್ ಗೊತ್ತಿಲ್ಲದವರು ಏನು ಮಾಡುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸಂಘಟನೆಯ ಘಟಕಗಳು ರಕ್ತದಾನ ಶಿಬಿರ ಮಾಡುತ್ತವೆ, ಇಖಾಮ, ಪಾಸ್‌ಪೋರ್ಟ್ ತೊಡಕಿನಲ್ಲಿ ಕಚೇರಿ ಸುತ್ತುತ್ತವೆ. ಪ್ರತಿ ಘಟಕದಲ್ಲೂ ಒಬ್ಬನಾದರೂ ಲ್ಯಾಪ್‌ಟಾಪ್ ಇರುವ ಹುಡುಗ ಇದ್ದಾನೆ. ತಿಂಗಳಿಗೆ ಒಂದು ಶುಕ್ರವಾರ, ಅಸರ್ ಆದ ಮೇಲೆ ಒಂದು ಗಂಟೆ, ಯಾರಿಗೆ ಬೇಕೋ ಅವರು ಫೋನು, ಡಿಸ್ಕು ಹಿಡಿದುಕೊಂಡು ಬರಲಿ. ಖಾತೆಗೆ ಊರಿನ ನಂಬರ್ ಸೇರಿಸುವುದು, ಫೋಟೋ ಡಿಸ್ಕಿಗೆ ಇಳಿಸುವುದು, ವಾರಸುದಾರರ ಹೆಸರು ಬರೆಯುವುದು, ಈ ಮೂರು ಕೆಲಸ ಆಗಲಿ. ಫೋಟೋಗಳನ್ನು ಹುಡುಗ ತೆರೆದು ನೋಡಬಾರದು, ತನ್ನ ಲ್ಯಾಪ್‌ಟಾಪಿನಲ್ಲಿ ಒಂದೂ ಉಳಿಸಬಾರದು, ಫೋನಿನ ಮಾಲಕ ಪಕ್ಕದಲ್ಲೇ ಕೂತಿರಬೇಕು. ಮನೆಯ ಹೆಣ್ಣುಮಕ್ಕಳ ಫೋಟೋ ಇರುವ ಫೋನನ್ನು ಯಾರ ಕೈಗೂ ಕೊಟ್ಟು ಚಹಾ ಕುಡಿಯಲು ಹೋಗುವುದು ಬೇಡ.